ಕಲ್ಲಿನ ಕೆಳಗೆ ಮಣ್ಣು, ಮಣ್ಣಿನ ಕೆಳಗೆ ಮತ್ತೆ ಕಲ್ಲು

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ರಸ್ತೆಯ ಆಚೀಚೆ ಬಾವಿ ತೋಡಿಸಿದವರಿಗೆ ಈ ಸಂಗತಿ ಹೊಸದಲ್ಲ. ಮೇಲೆ ಮಣ್ಣು, ಅದರ ಕೆಳಗೆ ಗರಸು, ಆಮೇಲೆ ಕೈಯಲ್ಲಿ ಹಿಚುಕಿದರೆ ಉದುರುವ ಕೊಳೆತ ಕಲ್ಲು, ಆಮೇಲೆ ಸುತ್ತಿಗೆ ಬಿದ್ದರೆ ಗಂಟೆ ಬಾರಿಸಿದ ಹಾಗೆ ಟಣ್ ಅನ್ನುವ ನೀಲಿಗಪ್ಪು ಕಲ್ಲು. ಮದ್ದು ಹಾಕಿ ಒಡೆಯುತ್ತ ಇಳಿದರೆ ಕೆಲವು ಬಾವಿಗಳಲ್ಲಿ ಆ ಗಟ್ಟಿ ಕಲ್ಲಿನ ಕೆಳಗೆ ಜಾಜಿನಂಥ ಕೆಂಪು ಮಣ್ಣು ಸಿಗುತ್ತದೆ. ಒಂದು ಕಡೆ ಗೇಣು, ಒಂದು ಕಡೆ ಮೊಳ, ಇನ್ನೊಂದು ಕಡೆ ಆಳುದ್ದ. ಅದು ಮುಗಿದರೆ ಮತ್ತೆ ಕರಿಕಲ್ಲು. ಮಣ್ಣು ಹುಟ್ಟಬೇಕಾದರೆ ಬಿಸಿಲು, ಮಳೆ, ಗಾಳಿ, ಬೇರು ಬೇಕು ಅಂತ ನಾವು ಒಕ್ಕಲುತನದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಾದರೆ ನಾಲ್ವತ್ತು ಅಡಿ ಆಳದಲ್ಲಿ, ಬಂಡೆಯ ಹೊಟ್ಟೆಯೊಳಗೆ ಮಣ್ಣು ಬಂದದ್ದು ಎಲ್ಲಿಂದ?

ನಮ್ಮ ಹೊಲದ ಬಾವಿಯನ್ನು ಮತ್ತೆ 12 ಅಡಿ ಆಳ ಮಾಡಿಸುವಾಗ ಈ ಪಟ್ಟಿ ಸಿಕ್ಕಿತು. ದಪ್ಪ ಒಂದೂವರೆ ಅಡಿ. ಅದರ ಮೇಲಿನ ನಾಲ್ಕು ಬೆರಳು ಮಾತ್ರ ಸುಟ್ಟ ಇಟ್ಟಂಗಿಯ ಹಾಗೆ ಗಟ್ಟಿ, ಕೆಳಗಿನದು ಮೆತ್ತಗೆ, ನೀರು ತಾಗಿದರೆ ಬೆಣ್ಣೆಯಂತೆ ಜಾರುವಂಥದು. ಓಣಿಯ ಹೆಣ್ಣುಮಕ್ಕಳು ಬುಟ್ಟಿಗಟ್ಟಲೆ ಒಯ್ದು ಗೋಡೆಗೆ ಬಳಿದರು. ಬಾವಿ ತೋಡುವ ಹಿರಿಯ ಆಳು, "ಗೌಡ್ರ, ಇದರ ಕೆಳಗ ಮತ್ತ ಕಲ್ಲ ಬರತೈತ್ರಿ. ಇಂಥಾವು ಹತ್ತಾರು ನೋಡೇನಿ" ಅಂದ. ಅವನ ಮಾತಿನ ಹಾಗೆಯೇ ಆಯಿತು. ನಾನು ಎರಡು ಹೆಂಟೆಗಳನ್ನು ಚೀಲದಲ್ಲಿ ಹಾಕಿಕೊಂಡು ಬೆಳಗಾವಿಗೆ ಹೋದಾಗ ಭೂಗರ್ಭಶಾಸ್ತ್ರ ಕಲಿಸುವ ಒಬ್ಬ ಮಾಸ್ತರರಿಗೆ ತೋರಿಸಿದೆ. ಏಳನೇ ಇಯತ್ತೆ ಕಲಿತವನಿಗೆ ತಿಳಿಯುವ ಹಾಗೆ ಅವರು ಎರಡು ತಾಸು ಕೂತು ಹೇಳಿದರು. ಆಮೇಲೆ ನಾನೇ ಹುಡುಕಿ ಓದಿಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕರಿಕಲ್ಲು ಒಂದು ಕಾಲಕ್ಕೆ ಹರಿಯುತ್ತಿದ್ದ ಬೆಂಕಿ ರಸ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿ ಉದ್ದುದ್ದಕ್ಕೆ ಬಿರಿದು ಲಾವಾ ಉಕ್ಕಿತು. ಬೆಟ್ಟದ ತುದಿಯಿಂದ ಹೊಗೆ ಬರುವ ಚಿತ್ರ ಶಾಲೆಯ ಪುಸ್ತಕದಲ್ಲಿ ಇರುತ್ತದಲ್ಲ, ಅದಲ್ಲ ಇದು. ಬ್ಯಾಸಗಿಯಲ್ಲಿ ಎರಿ ಭೂಮಿ ಬಿರಿದ ಹಾಗೆ ನೆಲ ಬಿರಿದು, ಆ ಬಿರುಕಿನಿಂದ ರಸ ಬಂದು ಮೈದಾನದ ಮೇಲೆ ಹರಡಿತು. ಒಮ್ಮೆ ಬಂದು ನಿಂತದ್ದಲ್ಲ. ಬಂತು, ಆರಿತು, ಎಷ್ಟೋ ಸಾವಿರ ವರ್ಷ ಸುಮ್ಮನಿತ್ತು, ಮತ್ತೆ ಬಂತು. ಬುಟ್ಟಿಯಲ್ಲಿ ಒಂದರ ಮೇಲೊಂದು ರೊಟ್ಟಿ ಪೇರಿಸಿದ ಹಾಗೆ ಹಾಸುಗಳು ಕೂತವು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲ ಈ ಕಲ್ಲಿನ ಹಾಸಿನ ಮೇಲಿದೆ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಎಲ್ಲ ಹಾಸು ಕೂಡಿಸಿದರೆ ಎರಡು ಸಾವಿರ ಮೀಟರಿಗೂ ಮಿಕ್ಕಿದ ದಪ್ಪ. ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ ಅಂತ ಇದಕ್ಕೆ ಡೆಕ್ಕನ್ ಟ್ರ್ಯಾಪ್ ಅಂತ ಹೆಸರು. ಸ್ವೀಡನ್ ದೇಶದ ಮಾತಿನಲ್ಲಿ ಟ್ರ್ಯಾಪ್ ಅಂದರೆ ಮೆಟ್ಟಿಲಂತೆ.

ನಾವಿರುವುದು ಈ ರೊಟ್ಟಿಯ ಅಂಚಿನಲ್ಲಿ. ಬೆಳಗಾವಿಯ ಸುತ್ತ ಕರಿಕಲ್ಲು, ಅದರ ಮೇಲೆ ಅಲ್ಲಲ್ಲಿ ಜಂಬಿಟ್ಟಿಗೆಯ ಟೊಪ್ಪಿಗೆ. ಖಾನಾಪುರ ತಾಲೂಕಿನಲ್ಲಿ ದಕ್ಷಿಣಕ್ಕೆ ಹೋದಂತೆ ಈ ಹಾಸು ತೆಳ್ಳಗಾಗಿ ಮುಗಿದೇ ಹೋಗುತ್ತದೆ. ಅದರಾಚೆ ಇದಕ್ಕಿಂತ ಎಷ್ಟೋ ಹಳೆಯ ಬೇರೆ ಜಾತಿಯ ಕಲ್ಲು. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರದ ಮೇಲೆ ಹಾದು ಮುಂದೆ ಹೋಗುವಾಗ ಈ ಎಲ್ಲ ಕಲ್ಲುಗಳನ್ನೂ ದಾಟಿಕೊಂಡು ಹೋಗುತ್ತದೆ. ಒಂದೇ ತಾಲೂಕಿನಲ್ಲಿ ಒಬ್ಬನ ಬಾವಿಗೂ ಇನ್ನೊಬ್ಬನ ಬಾವಿಗೂ ತಾಳೆ ಇಲ್ಲದ್ದಕ್ಕೆ ಇದೂ ಒಂದು ಕಾರಣ. ನೀರು ತೋರಿಸುವವರ ಕೈಯಲ್ಲಿನ ತೆಂಗಿನಕಾಯಿಗೆ ಇದು ಗೊತ್ತಿರುತ್ತದೋ ಇಲ್ಲವೋ ನಾನು ಹೇಳಲಾರೆ.

ಈಗ ಆ ಕೆಂಪು ಮಣ್ಣಿನ ಮಾತು. ಒಂದು ಹಾಸು ಆರಿ ಇನ್ನೊಂದು ಬರುವ ತನಕದ ಬಿಡುವಿನಲ್ಲಿ ಕಲ್ಲು ಕೊಳೆತು ಮಣ್ಣಾಗಿದೆ. ಕೆಲವು ಕಡೆ ಮೇಲಿನಿಂದ ಬಿದ್ದ ಉರಿಬೂದಿ ಕೊಳೆತು ಹೀಗಾಗಿದೆ. ಅದರ ಮೇಲೆ ಮತ್ತೆ ಬೆಂಕಿ ರಸ ಬಂದಾಗ ಮೇಲಿನ ಪದರ ಆವಿಗೆಯಲ್ಲಿ ಸುಟ್ಟ ಹಾಗೆ ಸುಟ್ಟಿತು. ಖಾನಾಪುರದ ಹಂಚು, ಮಡಿಕೆ ನೋಡಿದವರಿಗೆ ಈ ಬಣ್ಣ ಬಿಡಿಸಿ ಹೇಳಬೇಕಾಗಿಲ್ಲ. ಭೂಗರ್ಭದವರು ಈ ಪಟ್ಟಿಗೆ ಕೆಂಪು ಬೋಲ್ ಅಂತಾರೆ. ಅಂದರೆ ನನ್ನ ಬಾವಿಯಲ್ಲಿ ಸಿಕ್ಕ ಒಂದೂವರೆ ಅಡಿ ಪದರ ಒಂದು ಕಾಲದ ನೆಲದ ಮೇಲ್ಮೈ. ಅದರ ಮೇಲೆ ಮಳೆ ಬಿದ್ದಿದೆ. ಬೇರು ಇಳಿದಿದ್ದರೂ ಇಳಿದಿರಬಹುದು.

"ಹಂಗಾದರ ಇದರಾಗ ಎಲೆ, ಕಾಯಿ ಏನಾರ ಸಿಗಬೇಕಲ್ರಿ ಸರ?" ಅಂತ ಕೇಳಿದೆ. ಮಾಸ್ತರರು ಹೆಂಟೆಯನ್ನು ಒಡೆದು, ಭೂತಗನ್ನಡಿ ಹಿಡಿದು ನೋಡಿ, "ಇದರಾಗ ಇಲ್ಲ" ಅಂದರು. ಗಾಳಿಗೆ ಬಿಸಿಲಿಗೆ ತೆರೆದುಕೊಂಡ ಮಣ್ಣಿನಲ್ಲಿ ಎಲೆ ಬಿದ್ದರೆ ಕೊಳೆತು ಗೊಬ್ಬರ ಆಗಿಬಿಡುತ್ತದೆ. ನಮ್ಮ ತಿಪ್ಪೆಯಲ್ಲಿ ಆಗುವುದೂ ಅದೇ. ಎಲೆ ಉಳಿಯಬೇಕಾದರೆ ನೀರಿನ ತಳದ ಕೆಸರು ಬೇಕು. ಲಾವಾ ಹರಿದು ಹಳ್ಳಗಳಿಗೆ ಅಡ್ಡ ಕಟ್ಟಿದ ಕಡೆ ಕೆರೆ, ಮಡು ನಿಂತವು. ಸುತ್ತ ಗಿಡ ಬೆಳೆದವು. ಎಲೆ, ಕಾಯಿ, ಬೀಜ, ಬೊಡ್ಡೆ ಎಲ್ಲ ಕೆಸರಿಗೆ ಬಿದ್ದವು. ಲಾವಾ ಕಲ್ಲು ಮತ್ತು ಬೂದಿಯಿಂದ ಕರಗಿ ಬಂದ ಸಿಲಿಕಾ ಆ ನೀರಿನಲ್ಲಿತ್ತು. ಉಪ್ಪಿನಕಾಯಿಗೆ ಉಪ್ಪುನೀರು ಇಳಿದ ಹಾಗೆ ಅದು ಗಿಡದ ಕಣ ಕಣಕ್ಕೆ ಇಳಿದು ಅಲ್ಲೇ ಕಲ್ಲಾಯಿತು. ಮೇಲೆ ಮತ್ತೊಂದು ಲಾವಾ ಬಂದು ಮುಚ್ಚಿತು. ಹೀಗೆ ಆದ ಪದರದಲ್ಲಿ ನಮ್ಮ ಹಿರಿಯರು ಬೆಂಕಿ ಹೊತ್ತಿಸುತ್ತಿದ್ದ ಚಕಮಕಿ ಕಲ್ಲಿನ ಜಾತಿಯ ಕಲ್ಲು ಇರುತ್ತದೆ. ಬಿಳಿ, ಬೂದಿ, ಕೆಲವು ಸಲ ಕಪ್ಪು. ಒಡೆದರೆ ಗಾಜಿನಂತೆ ಚೂಪು ಅಂಚು.

ಅಂಥದ್ದೊಂದು ತುಂಡು ಅವರ ಕಪಾಟಿನಲ್ಲಿತ್ತು. ಮಧ್ಯಪ್ರದೇಶದ ಛಿಂದ್ವಾರಾ ಕಡೆಯದು. ಅದನ್ನು ಹಪ್ಪಳಕ್ಕಿಂತ ತೆಳ್ಳಗೆ ತೇದು ಗಾಜಿನ ಮೇಲೆ ಅಂಟಿಸಿದ್ದರು. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ಚುಕ್ಕಿ ಚುಕ್ಕಿ ಚುಕ್ಕಿ. ಜೋಳದ ದಂಟನ್ನು ಕುಡಗೋಲಿನಿಂದ ಅಡ್ಡ ಕೊಯ್ದರೆ ಬೆಂಡಿನ ನಡುವೆ ನಾರಿನ ಚುಕ್ಕೆ ಕಾಣುತ್ತವಲ್ಲ, ಥೇಟು ಅದೇ. "ದಂಟ ಐತೇನ್ರಿ?" ಅಂದೆ. ಮಾಸ್ತರರು ನಕ್ಕು, "ನೀವು ಹೇಳಿದ್ದು ಬರೋಬರಿ ಐತಿ. ದಂಟಿನ ಬಳಗದ್ದ. ಆದರ ಇದು ತಾಳೆ ಜಾತಿ ಮರ" ಅಂದರು. ಜೋಳ, ಕಬ್ಬು, ತೆಂಗು, ತಾಳೆ ಎಲ್ಲ ಒಂದೇ ಎಲೆಯಲ್ಲಿ ಮೊಳೆಯುವ ಗುಂಪು. ಹಾಗಾಗಿ ಒಳಗಿನ ಕಟ್ಟಡವೂ ಒಂದೇ ಬಗೆ. ಆರು ಕೋಟಿ ವರ್ಷದ ಹಿಂದಿನ ಮರದ ನಾರು ಎಣಿಸಬಹುದಾದಷ್ಟು ಚೊಕ್ಕ ಇತ್ತು. ನಮ್ಮ ಮನೆಯ ಜಂತಿ ಮೂವತ್ತು ವರ್ಷಕ್ಕೆ ಗೆದ್ದಲು ತಿಂದು ಪುಡಿಯಾಯಿತು.

ಈ ಕಲ್ಲುಗಳ ಓದಿಗೆ ದೊಡ್ಡ ಹೆಸರು ಬೀರಬಲ್ ಸಾಹನಿ ಅವರದು. ಲಖನೌ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು. 1946ರಲ್ಲಿ ಹಳೆಯ ಸಸ್ಯಗಳ ಅಧ್ಯಯನಕ್ಕೇ ಒಂದು ಸಂಸ್ಥೆ ಕಟ್ಟಿದರು. 1949ರ ಏಪ್ರಿಲ್ 3ರಂದು ಅದರ ಕಟ್ಟಡಕ್ಕೆ ನೆಹರೂ ಅವರು ಅಡಿಗಲ್ಲು ಇಟ್ಟರು. ಆ ಅಡಿಗಲ್ಲಿನಲ್ಲೇ ಪಳೆಯುಳಿಕೆಗಳನ್ನು ಕೂಡಿಸಿದ್ದರು. ಒಂದೇ ವಾರಕ್ಕೆ, ಏಪ್ರಿಲ್ 10ರಂದು ಸಾಹನಿ ತೀರಿಕೊಂಡರು. ಅವರ ಹೆಂಡತಿ ಸಾವಿತ್ರಿ ಸಾಹನಿ ಸಂಸ್ಥೆಯನ್ನು ಮುಂದುವರಿಸಿದರು. ಇಂದಿಗೂ ಅದು ನಡೆದಿದೆ.

ಸಾಹನಿ ಮತ್ತು ಅವರ ಜೊತೆಗಾರರು ಛಿಂದ್ವಾರಾ ಕಡೆಯ ಸೌಸರ್ ಸುತ್ತಿನ ಕಲ್ಲಿನಿಂದ ಹೆಸರಿಟ್ಟದ್ದರಲ್ಲಿ ಒಂದು ನಮಗೆಲ್ಲ ಪರಿಚಯದ್ದು. ಅಜೋಲ್ಲಾ! ಪ್ಲಾಸ್ಟಿಕ್ ಹಾಸಿದ ತೊಟ್ಟಿಯಲ್ಲಿ ಬೆಳೆಸಿ ಎಮ್ಮೆಗೆ ಹಾಕುತ್ತೇವೆ, ಭತ್ತದ ಗದ್ದೆಯಲ್ಲಿ ಬಿಡುತ್ತೇವೆ, ಅದೇ ಅಜೋಲ್ಲಾದ ಹಿರಿಯ. ಲಾವಾ ಕಟ್ಟಿದ ಮಡುವಿನ ಮೇಲೆ ತೇಲುತ್ತಿದ್ದದ್ದು ಕಲ್ಲಾಗಿ ಉಳಿದಿದೆ. ಕೃಷಿ ಇಲಾಖೆಯವರು ಹೊಸ ಮೇವು ಅಂತ ತಂದುಕೊಟ್ಟಾಗ ಇದು ಇಷ್ಟು ಹಳೆಯ ಒಕ್ಕಲು ಅಂತ ಯಾರೂ ಹೇಳಲಿಲ್ಲ.

ಇನ್ನೊಂದು, ಅಥಣಿ, ವಿಜಯಪುರ ಕಡೆಯ ದ್ರಾಕ್ಷಿ ಬೆಳೆಗಾರರಿಗೆ. 2013ರಲ್ಲಿ ಅಮೆರಿಕದ ಸ್ಟೀವನ್ ಮ್ಯಾಂಚೆಸ್ಟರ್, ಮಹಾರಾಷ್ಟ್ರದ ದಶರಥ ಕಪಗಟೆ ಮತ್ತು ಜುನ್ ವೆನ್ ಅವರು ಡೆಕ್ಕನ್ ಚಕಮಕಿ ಕಲ್ಲಿನಲ್ಲಿ ದ್ರಾಕ್ಷಿ ಕುಟುಂಬದ ಹಣ್ಣು, ಬೀಜ ಗುರುತಿಸಿದರು. ಆವರೆಗೆ ಲೋಕದಲ್ಲಿ ಸಿಕ್ಕ ದ್ರಾಕ್ಷಿ ಬಳಗದ ಹಣ್ಣುಗಳಲ್ಲಿ ಅದೇ ಅತಿ ಹಳೆಯದು. ಇಂಡೋವೈಟಿಸ್ ಚಿತಳೆಯೇ ಅಂತ ಹೆಸರು. ನಾಗಪುರದಲ್ಲಿ ಈ ಕಲ್ಲುಗಳ ಮೇಲೆ ಬಹಳ ವರ್ಷ ದುಡಿದ ಶ್ಯಾ ಚಿತಳೆ ಎಂಬ ವಿದುಷಿಯ ನೆನಪಿಗೆ ಇಟ್ಟದ್ದು. ಗುರುತು ಹಿಡಿದದ್ದು ಹೇಗೆ ಅಂದರೆ, ಬೀಜವಿರುವ ದ್ರಾಕ್ಷಿ ತಿಂದು ಬೀಜ ಅಂಗೈಯಲ್ಲಿ ಇಟ್ಟುಕೊಂಡು ನೋಡಿ. ಒಂದು ಮಗ್ಗುಲಲ್ಲಿ ಎರಡು ಕುಣಿ ಇರುತ್ತವೆ. ಆ ಕುಣಿ ಕಲ್ಲಿನ ಬೀಜದಲ್ಲೂ ಇವೆ. ಈಗ ಬೀಜವಿಲ್ಲದ ದ್ರಾಕ್ಷಿಯೇ ಎಲ್ಲರಿಗೂ ಬೇಕು. ಮುಂದಿನವರು ಯಾವ ಗುರುತಿನಿಂದ ಹಿಡಿಯುತ್ತಾರೋ!

ನನಗೆ ಎಲ್ಲಕ್ಕಿಂತ ಹತ್ತಿರ ಅನಿಸಿದ್ದು ಸಗಣಿಯ ಕಥೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸದುರಾದಲ್ಲಿ ಲಾವಾ ಹಾಸಿನ ಕೆಳಗಿನ ಪದರದಲ್ಲಿ ಡೈನೋಸಾರ್ ಎಂಬ ದೈತ್ಯ ಪ್ರಾಣಿಗಳ ಸಗಣಿ ಕಲ್ಲಾಗಿ ಬಿದ್ದಿದೆ. ಸಾಹನಿ ಸಂಸ್ಥೆಯ ವಂದನಾ ಪ್ರಸಾದ್ ಮತ್ತು ಜೊತೆಗಾರರು ಅದನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಒಳಗೆ ಕನಿಷ್ಠ 5 ಬಗೆಯ ಹುಲ್ಲಿನ ಸಿಲಿಕಾ ಕಣಗಳಿದ್ದವು. ಭತ್ತದ ಗರಿ, ಜೋಳದ ಗರಿ ಎಳೆದರೆ ಕೈ ಕೊಯ್ಯುತ್ತದಲ್ಲ, ಅದಕ್ಕೆ ಕಾರಣ ಗರಿಯೊಳಗಿನ ಇಂಥ ಕಣಗಳೇ. ಹುಲ್ಲು ಕೊಳೆತರೂ ಅವು ಕೊಳೆಯುವುದಿಲ್ಲ. ಅದಕ್ಕೆ ಮುಂಚೆ, ಡೈನೋಸಾರ್ ಅಳಿದ ಮೇಲೆ ಹುಲ್ಲು ಹಬ್ಬಿತು ಅಂತ ಪುಸ್ತಕಗಳಲ್ಲಿ ಇತ್ತು. 2011ರಲ್ಲಿ ಅದೇ ಬಳಗದವರು ಆ ಕಣಗಳಲ್ಲಿ ಭತ್ತದ ವಂಶದವೂ ಇವೆ ಅಂತ ತೋರಿಸಿದರು. ಯಳ್ಳೂರು, ವಡಗಾಂವಿ, ಶಹಾಪುರದ ಗದ್ದೆಗಳಲ್ಲಿ ಬೆಳಗಾವಿ ಬಾಸುಮತಿ ಬೆಳೆಯುವವರು ಇದನ್ನು ಓದಬೇಕು. ಅವರ ಗದ್ದೆಯ ಕೆಳಗಿನ ಕರಿಕಲ್ಲು ಹುಟ್ಟುವ ಹೊತ್ತಿಗೇ ಭತ್ತದ ಬಳಗ ಈ ನೆಲದಲ್ಲಿತ್ತು.

ಇದೆಲ್ಲ ನಾಗಪುರ, ಛಿಂದ್ವಾರಾ ಕಡೆಯ ಮಾತಾಯಿತು. ಮರದ ಬೊಡ್ಡೆಗಳನ್ನೇ ನೋಡಬೇಕು ಅನ್ನುವವರಿಗೆ ಮಧ್ಯಪ್ರದೇಶದ ದಿಂಡೋರಿ ಜಿಲ್ಲೆಯ ಘುಘುವಾದಲ್ಲಿ 1983ರಿಂದ ರಾಷ್ಟ್ರೀಯ ಉದ್ಯಾನವಿದೆ. ತಾಳೆ ಜಾತಿಯ ಬೊಡ್ಡೆಗಳು ಕಲ್ಲಾಗಿ ಬಿದ್ದಿವೆ. ಇಡೀ ಉದ್ಯಾನ 27 ಹೆಕ್ಟೇರ್ ಮಾತ್ರ. ನಮ್ಮ ಕರ್ನಾಟಕದಲ್ಲಿ ಯಾದಗಿರಿ ಜಿಲ್ಲೆಯ ಗುರುಮಠಕಲ್ ಹತ್ತಿರ ಲಾವಾ ನಡುವಿನ ಕೆರೆಯ ಪದರ ಇದೆ. ಸಿಹಿನೀರಿನ ಸಣ್ಣ ಜೀವಿಗಳ ಚಿಪ್ಪುಗಳನ್ನು ಅಲ್ಲಿಂದ ತೆಗೆದು ಓದಿದ್ದಾರೆ. ಬೆಳಗಾವಿ ಜಿಲ್ಲೆಯ ನೆಲವೂ ಬರಿಗೈಯದಲ್ಲ. ರಾಬರ್ಟ್ ಬ್ರೂಸ್ ಫುಟ್ ಎಂಬ ಇಂಗ್ಲಿಷ್ ಸರ್ವೇಕ್ಷಕ ಗೋಕಾಕ ಹತ್ತಿರದ ಹಳ್ಳದ ಮಣ್ಣಿನಲ್ಲಿ ಖಡ್ಗಮೃಗದ ಎಲುಬು ಕಂಡು 1874ರಲ್ಲಿ ಪ್ರಕಟಿಸಿದ. ಅದು ಲಾವಾ ಕಾಲದ್ದಲ್ಲ, ಬಹಳ ಈಚಿನದು. ಆದರೂ ಹಳ್ಳದ ದಂಡೆಯಲ್ಲಿ ಕಣ್ಣು ಬಿಟ್ಟು ನಡೆದವನಿಗೆ ಏನು ಸಿಗಬಹುದು ಅನ್ನುವುದಕ್ಕೆ ಹೇಳಿದೆ.

ಈಗ ನೀರಿನ ಮಾತಿಗೆ ಬರುತ್ತೇನೆ, ಹೊಟ್ಟೆಪಾಡು ಅಲ್ಲೇ ಇರುವುದು. ಗಟ್ಟಿ ಕರಿಕಲ್ಲಿನಲ್ಲಿ ನೀರಿಲ್ಲ. ನೀರಿರುವುದು ಕೊಳೆತ ಕಲ್ಲಿನಲ್ಲಿ, ಬಿರುಕಿನಲ್ಲಿ, ಹಾಸಿನ ಮೇಲ್ಭಾಗದ ತೂತು ತೂತಿನ ಕಲ್ಲಿನಲ್ಲಿ, ಮತ್ತು ಒಂದು ಹಾಸು ಇನ್ನೊಂದಕ್ಕೆ ತಾಗುವ ಸಂದಿಯಲ್ಲಿ. ಕೆಂಪು ಪಟ್ಟಿ ಜಿಗುಟು ಮಣ್ಣಾದ್ದರಿಂದ ಮೇಲಿನ ನೀರನ್ನು ಕೆಳಗೆ ಬಿಡುವುದಿಲ್ಲ. ನಮ್ಮ ಬಾವಿಯಲ್ಲಿ ಒಸರು ಬರುವುದು ಸರಿಯಾಗಿ ಪಟ್ಟಿಯ ಮೇಲಿನ ಅಂಚಿನಿಂದ. ತೆರೆದ ಬಾವಿಗೆ ಇದು ಅನುಕೂಲ. ಬೋರಿಗೆ ಇದೇ ಕಂಟಕ.

ನಮ್ಮ ಬಾಜು ಹೊಲದವರು ಬೋರು ಹೊಡೆಸಿದರು. ಮೇಲಿನ 40 ಅಡಿಗೆ ಕೇಸಿಂಗ ಪೈಪು ಇಳಿಸಿದರು. 110 ಅಡಿಗೆ ನೀರಿನ ಜೊತೆ ಕೆಂಪು ರಾಡಿ ಬಂತು. "ಇಲ್ಲಿ ತನಕ ಪೈಪ ಬೇಕಲ್ಲೇನಪಾ?" ಅಂತ ಅವರು ಕೇಳಿದ್ದಕ್ಕೆ ಗಾಡಿಯವರು, "ಕೆಳಗ ಗಟ್ಟಿ ಕಲ್ಲೈತಿ ಕಾಕಾ, ಏನೂ ಆಗೂದಿಲ್ಲ" ಅಂದು 180 ಅಡಿಗೆ ನೀರು ತೋರಿಸಿ ರೊಕ್ಕ ಎಣಿಸಿಕೊಂಡು ಹೋದರು. ಎರಡು ತಿಂಗಳು ನೀರು ಚೆಂದ ಬಂತು. ಆಮೇಲೆ ಕೆಂಪು ನೀರು, ಆಮೇಲೆ ಬರೀ ರಾಡಿ. ನೀರು ಕುಡಿದ ಬೋಲ್ ಉಬ್ಬಿ, ಕುಸಿದು, ಮೋಟಾರಿನ ಮೇಲೆ ಕೂತಿತ್ತು. ಮೋಟಾರು ಇಂದಿಗೂ ಮೇಲೆ ಬಂದಿಲ್ಲ. ಸಾಲ ಮಾತ್ರ ಮೇಲೇ ಐತಿ.

ಆದ್ದರಿಂದ ಬೋರು ಹೊಡೆಸುವಾಗ ಗಾಡಿಯ ಹತ್ತಿರ ಒಂದು ಗೋಣಿತಟ್ಟು ಹಾಸಿರಿ. ಪ್ರತಿ 10 ಅಡಿಗೆ ಬರುವ ಪುಡಿಯನ್ನು ಒಂದೊಂದು ಬೊಗಸೆ ಸಾಲಾಗಿ ಇಡಿಸಿರಿ, ಪಕ್ಕದಲ್ಲಿ ಚೀಟಿಯ ಮೇಲೆ ಆಳ ಬರೆಯಿರಿ. ಮಕ್ಕಳ ಕೈಲಿ ಬರೆಸಿದರೂ ನಡೆಯುತ್ತದೆ. ಕೆಂಪು ಪುಡಿ ಎಷ್ಟು ಅಡಿಗೆ ಬಂತು, ಎಷ್ಟು ಅಡಿಗೆ ನಿಂತಿತು ಅನ್ನುವುದು ಕಣ್ಣೆದುರೇ ಇರುತ್ತದೆ. ಅದನ್ನು ದಾಟುವ ತನಕ ಕೇಸಿಂಗ ಹಾಕದೆ ಗಾಡಿ ಬಿಡಬೇಡಿ. ಖರ್ಚು ಹೆಚ್ಚಾಗುತ್ತದೆ, ಖರೆ. ಮೋಟಾರು ಹೂಳುವುದಕ್ಕಿಂತ ಕಡಿಮೆ.

ಅದೇ ಗೋಣಿತಟ್ಟಿನ ಮೇಲೆ, ಅಥವಾ ಬಾವಿಯ ದಿಬ್ಬದ ಮೇಲೆ, ಕೆಂಪಿನ ಬದಲು ಬಿಳಿ, ಬೂದಿ ಬಣ್ಣದ ಚಕಮಕಿ ಜಾತಿಯ ಕಲ್ಲು, ಅಥವಾ ಪದರು ಪದರಾಗಿ ಬಿಚ್ಚುವ ಬೂದಿ ಮಣ್ಣು ಬಂದರೆ ಅವಸರ ಮಾಡಬೇಡಿ. ತೊಳೆದು ಬಿಸಿಲಿಗೆ ಹಿಡಿದು ನೋಡಿ. ಸಣ್ಣ ಶಂಖದ ಗುರುತು, ಎಲೆಯ ನರ, ಬೀಜದ ದುಂಡು, ಮರದ ನಾರು ಕಾಣಬಹುದು. ಕಾಣದೆಯೂ ಇರಬಹುದು, ಇಂಥ ಪದರ ಅಪರೂಪ. ಅಂಥ ಕಲ್ಲು ಕಡಿ ಮಾಡುವ ಮಶೀನಿಗೆ ಹೋದರೆ ಅರ್ಧ ತಾಸಿನಲ್ಲಿ ಜಲ್ಲಿ. ನಮ್ಮ ಸುತ್ತಿನ ರಸ್ತೆಗಳ ಕೆಳಗೆ ಏನೇನು ಹೋಗಿದೆಯೋ, ನೋಡಿದವರು ಯಾರು? ಮಾಸ್ತರರು ಒತ್ತಿ ಹೇಳಿದ ಮಾತು ಇದು: ಕಲ್ಲಿಗಿಂತ ಅದು ಸಿಕ್ಕ ಜಾಗ ಮುಖ್ಯ. ಯಾವ ಊರು, ಯಾವ ಹೊಲ, ಎಷ್ಟು ಅಡಿ, ಮೇಲೆ ಯಾವ ಕಲ್ಲು, ಕೆಳಗೆ ಯಾವ ಕಲ್ಲು. ಇದು ಇಲ್ಲದ ಪಳೆಯುಳಿಕೆ ಪಾಟೀಗಳ ನಂಬರು ಇಲ್ಲದ ಹೊಲದ ಉತಾರೆ ಇದ್ದಂತೆ.

ರೈತರಿಗೆ ಒಂದು ಅಂಜಿಕೆ ಇರುತ್ತದೆ. ತೋರಿಸಿದರೆ ಹೊಲ ಹೋದೀತು ಅಂತ. ಇದು ಬರೀ ಹುಸಿ ಅಂಜಿಕೆ ಅಂತ ನಾನು ಹೇಳುವುದಿಲ್ಲ. 2022ರಲ್ಲಿ ಕೇಂದ್ರದ ಗಣಿ ಸಚಿವಾಲಯ ಇಂಥ ತಾಣಗಳ ರಕ್ಷಣೆಗೆ ಒಂದು ಕರಡು ಮಸೂದೆ ಹೊರಡಿಸಿತು. ಘೋಷಿಸಿದ ತಾಣದ ಭೂಮಿಯನ್ನು 2013ರ ಭೂಸ್ವಾಧೀನ ಕಾಯ್ದೆಯಂತೆ ತೆಗೆದುಕೊಳ್ಳುವ ಮಾತು ಅದರಲ್ಲಿತ್ತು. ಕಾಯ್ದೆ ಮಾಡುವವರು ಹೊಲದವನನ್ನೇ ಕಾವಲುಗಾರನನ್ನಾಗಿ ಮಾಡಿ, ಬೆಳೆ ತೆಗೆಯಲು ಬಿಟ್ಟು, ಪದರ ಕಾಣುವ ಗುಂಟೆ ಎರಡು ಗುಂಟೆಗೆ ವರ್ಷ ವರ್ಷ ಏನಾದರೂ ಕೊಟ್ಟರೆ ಯಾರೂ ಮುಚ್ಚಿಡುವುದಿಲ್ಲ. ಹೊಲ ಕಸಿಯುವ ಮಾತು ಬಂದರೆ ರಾತ್ರೋರಾತ್ರಿ ಜೆಸಿಬಿ ಬರುತ್ತದೆ, ಕಲ್ಲು ಮಾಯ. ಆದರೆ ಬಾವಿಯಲ್ಲಿ ಕಂಡ ಪದರದ ಲೆಕ್ಕ ಬರೆದಿಡುವುದಕ್ಕೆ, ಒಂದೆರಡು ತುಂಡು ಹತ್ತಿರದ ಕಾಲೇಜಿನ ಭೂಗರ್ಭ ವಿಭಾಗಕ್ಕೆ ತೋರಿಸುವುದಕ್ಕೆ ಅಂಜುವುದು ಬೇಡ.

ಯುಗಾದಿ ಕಳೆದರೆ ಮತ್ತೆ ಬಾವಿ ಆಳ ಮಾಡಿಸುವ ದಿನಗಳು. ಬೆಳಗಾವಿ, ಖಾನಾಪುರ, ಬೈಲಹೊಂಗಲ, ಗೋಕಾಕ, ಹುಕ್ಕೇರಿ ತಾಲೂಕಿನವರು ತಮ್ಮ ಬಾವಿಯಲ್ಲಿ ಕೆಂಪು ಪಟ್ಟಿ ಎಷ್ಟು ಅಡಿಗೆ ಸಿಕ್ಕಿತು, ದಪ್ಪ ಎಷ್ಟು, ಒಸರು ಅದರ ಮೇಲೋ ಕೆಳಗೋ ಅಂತ ಒಂದು ಕಾರ್ಡಿನಲ್ಲಿ ಪತ್ರಿಕೆಗೆ ಬರೆಯಿರಿ. ನಮ್ಮದು 37 ಅಡಿಗೆ, ದಪ್ಪ ಒಂದೂವರೆ ಅಡಿ, ಒಸರು ಮೇಲೆ.